ಸ್ಕೌಟ್, ಗೈಡ್ ಮಕ್ಕಳಿಗೆ ರಾಜ್ಯ ಪುರಸ್ಕಾರ: ಯಾವಾಗ ಶುರು ಮಾಡಬೇಕು, ಹೇಗೆ ಮುಂದುವರಿಯಬೇಕು?

ಜೂನ್ ಬಂದರೆ ಸಾಕು, ಪೋಷಕರಿಂದ ಒಂದೇ ಪ್ರಶ್ನೆ. “ಮಗಳು ಈಗ ಒಂಬತ್ತನೇ ಕ್ಲಾಸು. ಗೈಡ್ಸ್‌ಗೆ ಸೇರಿಸಿದರೆ ಎಸ್ಸೆಸ್ಸೆಲ್ಸಿ ಮುಗಿಯುವಷ್ಟರಲ್ಲಿ ರಾಜ್ಯ ಪುರಸ್ಕಾರ ಸಿಗುತ್ತಾ?” ಸಿಗುವುದಿಲ್ಲ. ಮಗು ಎಷ್ಟೇ ಚುರುಕಾಗಿರಲಿ, ಅಷ್ಟು ಸಮಯ ಸಾಲುವುದಿಲ್ಲ. ಹಾಗಂತ ಸೇರಿಸಬೇಡಿ ಅಂತ ನಾನು ಹೇಳುತ್ತಿಲ್ಲ. ತಡವಾಗಿ ಸೇರಿದವರಿಗೂ ದಾರಿ ಇದೆ, ಅದನ್ನು ಕೊನೆಯಲ್ಲಿ ಹೇಳಿದ್ದೇನೆ.

ಕರ್ನಾಟಕದಲ್ಲಿ ಭಾರತ್ ಸ್ಕೌಟ್ಸ್ ಮತ್ತು ಗೈಡ್ಸ್ ದಳಗಳಿಗೆ ಮಕ್ಕಳನ್ನು ಸೇರಿಸಿದ ಅಥವಾ ಸೇರಿಸಬೇಕು ಅಂತಿರುವ ತಂದೆತಾಯಿಯರಿಗೆ ಈ ಲೇಖನ. ಹೊಸದಾಗಿ ದಳದ ಜವಾಬ್ದಾರಿ ಹೊತ್ತ ಮೇಷ್ಟ್ರು, ಮೇಡಂಗಳಿಗೂ ಇದು ಉಪಯೋಗಕ್ಕೆ ಬರಬಹುದು. ಮಕ್ಕಳಲ್ಲಿ ಬುದ್ಧಿ, ಉತ್ಸಾಹ ಎರಡೂ ಇದ್ದು, ದಿನಾಂಕ ಮತ್ತು ದಾಖಲೆ ಸರಿಯಿಲ್ಲದ ಕಾರಣಕ್ಕೇ ಪುರಸ್ಕಾರ ಕೈತಪ್ಪುವುದನ್ನು ನೋಡಿದಾಗ ನಿಜಕ್ಕೂ ಸಂಕಟ ಆಗುತ್ತದೆ. ಅದನ್ನು ತಪ್ಪಿಸುವುದು ಕಷ್ಟವೇನಲ್ಲ.

ಮೊದಲು ಲೆಕ್ಕ ನೋಡಿ

ಸ್ಕೌಟ್, ಗೈಡ್ ವಿಭಾಗದಲ್ಲಿ ಆರು ಹಂತಗಳಿವೆ: ಪ್ರವೇಶ, ಪ್ರಥಮ ಸೋಪಾನ, ದ್ವಿತೀಯ ಸೋಪಾನ, ತೃತೀಯ ಸೋಪಾನ, ರಾಜ್ಯ ಪುರಸ್ಕಾರ, ರಾಷ್ಟ್ರಪತಿ ಪುರಸ್ಕಾರ. ಹುಡುಗರು ಸ್ಕೌಟ್, ಹುಡುಗಿಯರು ಗೈಡ್. ಹಂತಗಳ ಹೆಸರು ಇಬ್ಬರಿಗೂ ಒಂದೇ.

ಒಂದು ಹಂತದಿಂದ ಇನ್ನೊಂದಕ್ಕೆ ಹೋಗಲು ಕನಿಷ್ಠ ಅವಧಿ ಇಷ್ಟು ಅಂತ ನಿಯಮ ಇದೆ. ಪ್ರವೇಶಕ್ಕೆ ಸುಮಾರು 3 ತಿಂಗಳು. ಪ್ರಥಮ ಸೋಪಾನಕ್ಕೆ 6 ತಿಂಗಳು. ದ್ವಿತೀಯ, ತೃತೀಯ, ರಾಜ್ಯ ಪುರಸ್ಕಾರ, ಈ ಮೂರಕ್ಕೂ ತಲಾ 9 ತಿಂಗಳು. ಕೂಡಿಸಿದರೆ ಮೂರು ವರ್ಷ ಆಯಿತು. ರಾಷ್ಟ್ರಪತಿ ಪುರಸ್ಕಾರಕ್ಕೆ ಇನ್ನೂ ಒಂದು ವರ್ಷ ಬೇಕು. ಇದು ಎಲ್ಲೂ ನಿಲ್ಲದೆ ನಡೆದರೆ ಆಗುವ ಲೆಕ್ಕ. ಪರೀಕ್ಷಾ ಶಿಬಿರಗಳು ನಿಮಗೆ ಬೇಕಾದ ತಿಂಗಳಲ್ಲಿ ನಡೆಯುವುದಿಲ್ಲ, ವರ್ಷದ ಒಂದು ಹೊತ್ತಿನಲ್ಲಿ ನಡೆಯುತ್ತವೆ. ಹಾಗಾಗಿ ಒಂದು ಶಿಬಿರ ತಪ್ಪಿತು ಅಂದರೆ ಕೆಲವೊಮ್ಮೆ ಇಡೀ ವರ್ಷ ಹಿಂದೆ ಬಿದ್ದ ಹಾಗೆ. ಅವಧಿಯ ನಿಯಮಗಳು ಆಗಾಗ ಪರಿಷ್ಕರಣೆ ಆಗುತ್ತವೆ, ಈ ವರ್ಷದ್ದನ್ನು ದಳದ ನಾಯಕರ ಹತ್ತಿರ ಒಮ್ಮೆ ಕೇಳಿಕೊಳ್ಳಿ.

ಅಂದರೆ ಮಗು ಐದನೇ ಅಥವಾ ಆರನೇ ಕ್ಲಾಸಿನಲ್ಲೇ ಸೇರಬೇಕು. 10 ವರ್ಷ ತುಂಬಿದವರು ಸ್ಕೌಟ್ ಅಥವಾ ಗೈಡ್ ಆಗಬಹುದು. ಏಳನೇ ಕ್ಲಾಸಿನ ಜೂನ್‌ನಲ್ಲಿ ಸೇರಿದರೂ ಆಗುತ್ತದೆ, ಆದರೆ ಮಧ್ಯೆ ಎಲ್ಲೂ ಎಡವುವಂತಿಲ್ಲ.

ಅದಕ್ಕಿಂತ ಚಿಕ್ಕ ಮಕ್ಕಳಿಗೆ ಕಬ್ ಮತ್ತು ಬುಲ್‌ಬುಲ್ ವಿಭಾಗಗಳಿವೆ. ಹುಡುಗರು ಕಬ್, ಹುಡುಗಿಯರು ಬುಲ್‌ಬುಲ್. ಅಲ್ಲಿನ ಹಂತಗಳಿಗೆ ಕಬ್‌ಗಳಲ್ಲಿ ಚರಣ, ಬುಲ್‌ಬುಲ್‌ಗಳಲ್ಲಿ ಪಂಖ್ ಅಂತ ಹೆಸರು. ಚತುರ್ಥ ಚರಣ, ಹೀರಕ್ ಪಂಖ್ ಮುಗಿಸಿದರೆ ಗೋಲ್ಡನ್ ಆ್ಯರೋ ಬ್ಯಾಡ್ಜ್‌ಗೆ ದಾರಿ. ಕಬ್ ಆಗಿದ್ದರೆ ಮಾತ್ರ ಸ್ಕೌಟ್ ಆಗಬಹುದು ಅಂತೇನಿಲ್ಲ, ನೇರವಾಗಿಯೂ ಸೇರಬಹುದು.

1. ದಳ ಹುಡುಕುವುದು, ಅದು ಜೀವಂತ ಇದೆಯಾ ನೋಡುವುದು

ಮೊದಲು ಮಗುವಿನ ಶಾಲೆಯಲ್ಲೇ ವಿಚಾರಿಸಿ. ಸ್ಕೌಟ್ ದಳ ನಡೆಸುವವರು ಸ್ಕೌಟ್ ಮಾಸ್ಟರ್, ಗೈಡ್ ಕಂಪನಿ ನಡೆಸುವವರು ಗೈಡ್ ಕ್ಯಾಪ್ಟನ್. ಶಾಲೆಯಲ್ಲಿ ದಳ ಇಲ್ಲದಿದ್ದರೆ ತಾಲ್ಲೂಕಿನ ಸ್ಥಳೀಯ ಸಂಸ್ಥೆ ಅಥವಾ ಜಿಲ್ಲಾ ಸಂಸ್ಥೆಯಲ್ಲಿ ಕೇಳಿ. ಶಾಲೆಗೆ ಸೇರದ ಮುಕ್ತ ದಳಗಳೂ ಕೆಲವು ಊರುಗಳಲ್ಲಿವೆ, ಇವನ್ನು ಓಪನ್ ಗ್ರೂಪ್ ಅನ್ನುತ್ತಾರೆ. ರಾಜ್ಯ ಸಂಸ್ಥೆಯ ಕಚೇರಿ ಬೆಂಗಳೂರಿನ ಅರಮನೆ ರಸ್ತೆಯಲ್ಲಿದೆ.

ಬೋರ್ಡ್ ಮೇಲೆ ದಳ ಇದೆ ಅಂದ ಮಾತ್ರಕ್ಕೆ ಅದು ನಡೆಯುತ್ತಿದೆ ಅಂತಲ್ಲ. ಸೇರಿಸುವ ಮುಂಚೆ ಮೂರು ಪ್ರಶ್ನೆ ಕೇಳಿ. ವಾರದ ಸಭೆ ಯಾವ ದಿನ? ದಳದ ಈ ವರ್ಷದ ನೋಂದಣಿ ಆಗಿದೆಯಾ? ನಾಯಕರು ಮೂಲ ತರಬೇತಿ, ಅಂದರೆ ಬೇಸಿಕ್ ಕೋರ್ಸ್ ಮುಗಿಸಿದ್ದಾರಾ? ಕೇಳುವುದಕ್ಕೆ ಸಂಕೋಚ ಬೇಡ, ಒಳ್ಳೆಯ ನಾಯಕರು ಖುಷಿಯಿಂದ ಉತ್ತರ ಕೊಡುತ್ತಾರೆ. ಸ್ವಾತಂತ್ರ್ಯ ದಿನಾಚರಣೆ, ಗಣರಾಜ್ಯೋತ್ಸವದ ಪಥಸಂಚಲನಕ್ಕೆ ಮಾತ್ರ ಮಕ್ಕಳನ್ನು ಸಾಲಾಗಿ ನಿಲ್ಲಿಸುವ ದಳದಲ್ಲಿ ಸೋಪಾನಗಳು ಮುಗಿಯುವುದು ಕಷ್ಟ.

ಹೆಸರು ಹೋಲುವ ಬೇರೆ ಸಂಘಟನೆಗಳೂ ಇವೆ. ಈ ಲೇಖನದಲ್ಲಿರುವ ಹಂತಗಳು, ಪುರಸ್ಕಾರಗಳು ಭಾರತ್ ಸ್ಕೌಟ್ಸ್ ಮತ್ತು ಗೈಡ್ಸ್ ಸಂಸ್ಥೆಯವು. ಬೇರೆ ಬೇರೆಯಾಗಿದ್ದ ಸ್ಕೌಟ್ ಸಂಘಟನೆಗಳು ಒಂದಾಗಿ 1950ರ ನವೆಂಬರ್ 7ರಂದು ಹುಟ್ಟಿದ ಸಂಸ್ಥೆ ಇದು. ಮರುವರ್ಷ ಗೈಡ್‌ಗಳೂ ಸೇರಿಕೊಂಡರು. ರಸೀದಿಯ ಮೇಲೆ ಯಾವ ಹೆಸರಿದೆ ಅಂತ ಮೊದಲ ದಿನವೇ ಓದಿ.

2. ನೋಂದಣಿ

ಪ್ರತಿ ವರ್ಷ ಸಣ್ಣ ಮೊತ್ತದ ಸದಸ್ಯತ್ವ ಶುಲ್ಕ ಇರುತ್ತದೆ. ದಳದ ಮೂಲಕ ಆನ್‌ಲೈನ್ ನೋಂದಣಿ ಆದ ಮೇಲೆ ಮಗುವಿಗೆ ಒಂದು ಗುರುತಿನ ಸಂಖ್ಯೆ ಸಿಗುತ್ತದೆ. ಅದನ್ನು ಬರೆದಿಟ್ಟುಕೊಳ್ಳಿ, ಮುಂದೆ ಪ್ರತಿ ಅರ್ಜಿಗೂ ಬೇಕು.

ಇಲ್ಲಿ ಜನ ಎಡವುವುದು ಎರಡು ಕಡೆ. ಒಂದು, ಹೆಸರು. ಶಾಲೆಯ ದಾಖಲೆಯಲ್ಲಿ ಇನಿಷಿಯಲ್ ಹಿಂದೆ, ಆಧಾರ್‌ನಲ್ಲಿ ಮುಂದೆ, ಸ್ಕೌಟ್ ನೋಂದಣಿಯಲ್ಲಿ ಮನೆಯಲ್ಲಿ ಕರೆಯುವ ಹೆಸರು! ಮುಂದೆ ಪ್ರಮಾಣಪತ್ರ ಪರಿಶೀಲನೆಗೆ ಹೋದಾಗ ಇದೇ ದೊಡ್ಡ ತಲೆನೋವು. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಹೇಗೆ ಬರುತ್ತದೋ ಹಾಗೆಯೇ ಮೊದಲಿನಿಂದ ಬರೆಸಿ. ಜನ್ಮದಿನಾಂಕಕ್ಕೂ ಇದೇ ಮಾತು.

ಎರಡು, ನವೀಕರಣ. ಒಂದು ವರ್ಷ ಶುಲ್ಕ ಕಟ್ಟುವುದು ಮರೆತರೆ ಆ ವರ್ಷದ ಸೇವೆ ಲೆಕ್ಕಕ್ಕೆ ಬರದೆ ಹೋಗಬಹುದು. ಶಾಲೆಯವರು ಕಟ್ಟಿರುತ್ತಾರೆ ಬಿಡಿ ಅಂತ ಸುಮ್ನೆ ಇರಬೇಡಿ. ಪ್ರತಿ ವರ್ಷ ಆಗಸ್ಟ್ ಹೊತ್ತಿಗೆ ಒಮ್ಮೆ ಕೇಳಿ.

3. ಪ್ರವೇಶ ಮತ್ತು ದೀಕ್ಷೆ

ಮೊದಲ ಮೂರು ತಿಂಗಳು ಮಗು ಇನ್ನೂ ಸ್ಕೌಟ್ ಅಲ್ಲ, ಸ್ಕೌಟ್ ಆಗಲು ಬಯಸುವ ಅಭ್ಯರ್ಥಿ. ಈ ಅವಧಿಯಲ್ಲಿ ಪ್ರತಿಜ್ಞೆ, ಒಂಬತ್ತು ನಿಯಮಗಳು, ಪ್ರಾರ್ಥನೆ, ಧ್ವಜಗೀತೆ, ಮೂರು ಬೆರಳಿನ ವಂದನೆ, ಎಡಗೈ ಹಸ್ತಲಾಘವ, ಸಮವಸ್ತ್ರದ ಭಾಗಗಳು ಇವನ್ನೆಲ್ಲ ಕಲಿಯುತ್ತದೆ. ಆಮೇಲೆ ಎಲ್ಲರೆದುರು ಪ್ರತಿಜ್ಞೆ ಹೇಳಿ ದೀಕ್ಷೆ ತೆಗೆದುಕೊಳ್ಳುತ್ತದೆ. ಸ್ಕಾರ್ಫ್, ಸದಸ್ಯತ್ವ ಬ್ಯಾಡ್ಜ್ ಸಿಗುವುದು ಆ ದಿನ.

ಹಾಗಾಗಿ ಸೇರಿದ ವಾರವೇ ಅಂಗಡಿಗೆ ಓಡಿ ಎಲ್ಲ ಬ್ಯಾಡ್ಜ್‌ಗಳನ್ನೂ ಹೊಲಿಸಿಬಿಡಬೇಡಿ. ಸ್ಕೌಟ್‌ಗಳಿಗೆ ಸ್ಟೀಲ್ ಗ್ರೇ ಬಣ್ಣದ ಅಂಗಿ, ನೇವಿ ಬ್ಲೂ ಪ್ಯಾಂಟ್ ಅಥವಾ ಚಡ್ಡಿ, ನೇವಿ ಬ್ಲೂ ಬೆರೆ ಟೋಪಿ. ಗೈಡ್‌ಗಳ ಸಮವಸ್ತ್ರ ನೀಲಿ, ಅದರ ಛಾಯೆ ಮತ್ತು ಮಾದರಿಯನ್ನು ಕ್ಯಾಪ್ಟನ್ ಹತ್ತಿರ ನೋಡಿಯೇ ಹೊಲಿಸಿ. ಸ್ಕಾರ್ಫಿನ ಬಣ್ಣ ಒಂದೊಂದು ದಳಕ್ಕೆ ಒಂದೊಂದು. ಮಕ್ಕಳು ಬೆಳೆಯುತ್ತಾರೆ ಅಲ್ವಾ, ಬಟ್ಟೆಯ ಮಡಿಕೆ ಸ್ವಲ್ಪ ಜಾಸ್ತಿಯೇ ಬಿಡಿಸಿ. ಸಮವಸ್ತ್ರಕ್ಕೆ ಹಣ ಹೊಂದಿಸುವುದು ಕಷ್ಟ ಅನಿಸಿದರೆ ನಾಯಕರಿಗೆ ನೇರವಾಗಿ ಹೇಳಿ. ಹಿರಿಯ ಮಕ್ಕಳ ಬಟ್ಟೆ ಕಿರಿಯರಿಗೆ ಕೊಡುವ ಪದ್ಧತಿ ಎಷ್ಟೋ ದಳಗಳಲ್ಲಿದೆ.

ದೀಕ್ಷೆಯ ದಿನಾಂಕ ತುಂಬಾ ಮುಖ್ಯ. ಮುಂದಿನ ಎಲ್ಲ ಅವಧಿಗಳ ಲೆಕ್ಕಕ್ಕೂ ಅದೇ ಆಧಾರ. ಪ್ರಗತಿ ಪತ್ರದಲ್ಲಿ ಆ ದಿನಾಂಕ ಬರೆಸಿ, ನಾಯಕರ ಸಹಿ ಹಾಕಿಸಿ, ಅದೇ ಸಂಜೆ ಮೊಬೈಲಿನಲ್ಲಿ ಫೋಟೊ ತೆಗೆದಿಡಿ.

4. ಪ್ರಥಮ ಮತ್ತು ದ್ವಿತೀಯ ಸೋಪಾನ: ಕೈಯಲ್ಲಿ ಕಲಿಯುವ ವರ್ಷ

ಇಲ್ಲಿಂದ ನಿಜವಾದ ಸ್ಕೌಟಿಂಗ್ ಶುರು. ಮಕ್ಕಳನ್ನು 6ರಿಂದ 8 ಜನರ ಗುಂಪು ಮಾಡುತ್ತಾರೆ, ಅದಕ್ಕೆ ಪೆಟ್ರೋಲ್ ಅನ್ನುತ್ತಾರೆ. ಒಬ್ಬ ಪೆಟ್ರೋಲ್ ಲೀಡರ್ ಇರುತ್ತಾನೆ. ಕಲಿಸುವುದು, ಅಡುಗೆ, ಆಟ, ಸೇವೆ ಎಲ್ಲವೂ ಪೆಟ್ರೋಲ್ ಮೂಲಕವೇ. ಇದು ಸ್ಕೌಟಿಂಗ್ ಹುಟ್ಟುಹಾಕಿದ ಬೇಡನ್ ಪೊವೆಲ್ 1907ರಲ್ಲಿ ಇಂಗ್ಲೆಂಡಿನ ಬ್ರೌನ್‌ಸೀ ದ್ವೀಪದ ಮೊದಲ ಶಿಬಿರದಲ್ಲೇ ಬಳಸಿದ ಪದ್ಧತಿ. ನನ್ನ ಪ್ರಕಾರ ಸ್ಕೌಟಿಂಗ್‌ನ ಅತ್ಯಂತ ಒಳ್ಳೆಯ ಅಂಶವೂ ಇದೇ. ನಾಚಿಕೆಯ ಮಗು ದೊಡ್ಡವರ ಮುಂದೆ ಬಾಯಿ ಬಿಡುವುದಿಲ್ಲ, ಆದರೆ ಏಳು ಜನ ಗೆಳೆಯರ ನಡುವೆ ಅನ್ನ ಬಸಿಯುವ ಜವಾಬ್ದಾರಿ ಕೊಟ್ಟರೆ ತಾನಾಗಿ ಮುಂದೆ ಬರುತ್ತದೆ.

ಗಂಟುಗಳ ಬಗ್ಗೆ ಪೋಷಕರು ಜಾಸ್ತಿ ಕೇಳುತ್ತಾರೆ, ಅದಕ್ಕೆ ಸ್ವಲ್ಪ ವಿವರವಾಗಿ ಹೇಳುತ್ತೇನೆ. ಪುಸ್ತಕದ ಚಿತ್ರ ನೋಡಿ ಬಾಯಿಪಾಠ ಮಾಡಿದ ಗಂಟು ಪರೀಕ್ಷೆಯಲ್ಲಿ ನಿಲ್ಲುವುದಿಲ್ಲ. ಯಾವ ಕೆಲಸಕ್ಕೆ ಯಾವ ಗಂಟು ಅಂತ ತಿಳಿದರೆ ಮರೆಯುವುದೂ ಇಲ್ಲ. ರೀಫ್ ನಾಟ್ ಚಪ್ಪಟೆಯಾಗಿ ಕೂರುತ್ತದೆ, ಮೈಗೆ ಒತ್ತುವುದಿಲ್ಲ, ಅದಕ್ಕೇ ಬ್ಯಾಂಡೇಜ್ ಕಟ್ಟಲು ಬಳಸುತ್ತಾರೆ. ಒಂದು ದಪ್ಪ, ಒಂದು ಸಣ್ಣ ಹಗ್ಗ ಜೋಡಿಸಬೇಕಾದರೆ ಶೀಟ್ ಬೆಂಡ್. ಕಂಬಕ್ಕೆ ಹಗ್ಗ ಕಟ್ಟಲು ಕ್ಲೋವ್ ಹಿಚ್. ಬೋಲೈನ್‌ನ ಕುಣಿಕೆ ಎಳೆದರೂ ಬಿಗಿಯುವುದಿಲ್ಲ, ಆದ್ದರಿಂದ ಬಾವಿಗೆ ಬಿದ್ದವರನ್ನು ಮೇಲೆತ್ತುವಂಥ ಕೆಲಸಕ್ಕೆ ಅದು ಬೇಕು. ಹಗ್ಗ ಕತ್ತರಿಸದೆ ಚಿಕ್ಕದು ಮಾಡಲು ಶೀಪ್‌ಶ್ಯಾಂಕ್. ಹಗ್ಗದ ತುದಿ ಬಿಚ್ಚಿಕೊಳ್ಳದಂತೆ ನೂಲು ಸುತ್ತುವುದಕ್ಕೆ ವಿಪ್ಪಿಂಗ್ ಅನ್ನುತ್ತಾರೆ. ಎರಡು ಮೀಟರ್ ಹತ್ತಿ ಹಗ್ಗ ತಂದು ಕಿಟಕಿಯ ಸರಳಿಗೆ ಕಟ್ಟಿ ಅಭ್ಯಾಸ ಮಾಡಲಿ. ನೈಲಾನ್ ಹಗ್ಗ ಜಾರುತ್ತದೆ, ಕಲಿಯುವ ಹೊತ್ತಿನಲ್ಲಿ ಬೇಡ.

ದ್ವಿತೀಯ ಸೋಪಾನಕ್ಕೆ ಬಂದಾಗ ಕೋಲುಗಳನ್ನು ಹಗ್ಗದಿಂದ ಬಿಗಿಯುವ ಲ್ಯಾಶಿಂಗ್, ದಿಕ್ಸೂಚಿ, ನಕ್ಷೆ, ಅಂದಾಜು ಮಾಡುವುದು, ಬೆಂಕಿ ಹೊತ್ತಿಸಿ ಅಡುಗೆ ಇವೆಲ್ಲ ಸೇರುತ್ತವೆ. ರಾತ್ರಿ ದಿಕ್ಕು ಕಂಡುಹಿಡಿಯುವುದನ್ನು ಮನೆಯ ತಾರಸಿಯಿಂದಲೇ ಕಲಿಸಬಹುದು. ಸಪ್ತರ್ಷಿ ಮಂಡಲದ ಮೊದಲ ಎರಡು ನಕ್ಷತ್ರ ಹಿಡಿದು ಗೆರೆ ಎಳೆದರೆ ಧ್ರುವ ನಕ್ಷತ್ರ. ಒಂದು ವಿಷಯ ನೆನಪಿಡಿ, ಕರ್ನಾಟಕದಿಂದ ನೋಡಿದರೆ ಧ್ರುವ ತುಂಬಾ ಕೆಳಗೆ, ದಿಗಂತದಿಂದ 12ರಿಂದ 18 ಡಿಗ್ರಿ ಎತ್ತರದಲ್ಲಿ ಮಾತ್ರ ಇರುತ್ತದೆ. ಉತ್ತರಕ್ಕೆ ಗುಡ್ಡವೋ ಎತ್ತರದ ಕಟ್ಟಡವೋ ಇದ್ದರೆ ಕಾಣುವುದಿಲ್ಲ. ಪರೀಕ್ಷೆಯಲ್ಲಿ ತಲೆ ಎತ್ತಿ ನೆತ್ತಿಯ ಮೇಲೆ ಹುಡುಕುವ ಮಕ್ಕಳು ಎಷ್ಟೋ ಜನ.

ಪ್ರಥಮ ಚಿಕಿತ್ಸೆಯನ್ನು ದಯವಿಟ್ಟು ಅಂಕಕ್ಕಾಗಿ ಕಲಿಸಬೇಡಿ. ರಕ್ತ ಸುರಿಯುತ್ತಿದ್ದರೆ ಶುದ್ಧ ಬಟ್ಟೆ ಇಟ್ಟು ಗಟ್ಟಿಯಾಗಿ ಒತ್ತಿ ಹಿಡಿಯಬೇಕು. ಹಾವು ಕಚ್ಚಿದರೆ ಗಾಯ ಕೊಯ್ಯಬಾರದು, ಬಾಯಿಂದ ಹೀರಬಾರದು, ಕೈಕಾಲು ಅಲುಗಾಡದಂತೆ ಇರಿಸಿ ಬೇಗ ಆಸ್ಪತ್ರೆಗೆ ಒಯ್ಯಬೇಕು. ಹೊಲ, ತೋಟದ ಊರುಗಳಲ್ಲಿ ಹನ್ನೆರಡು ವರ್ಷದ ಮಗುವಿಗೆ ಇಷ್ಟು ಗೊತ್ತಿದ್ದರೆ ಒಂದು ಜೀವ ಉಳಿಯಬಹುದು.

ಪ್ರವೇಶ, ಪ್ರಥಮ ಸೋಪಾನದ ಪರೀಕ್ಷೆಯನ್ನು ದಳದ ನಾಯಕರೇ ಮಾಡುತ್ತಾರೆ. ದ್ವಿತೀಯ ಸೋಪಾನಕ್ಕೆ ಸ್ಥಳೀಯ ಸಂಸ್ಥೆ, ತೃತೀಯಕ್ಕೆ ಜಿಲ್ಲಾ ಸಂಸ್ಥೆ, ರಾಜ್ಯ ಪುರಸ್ಕಾರಕ್ಕೆ ರಾಜ್ಯ ಸಂಸ್ಥೆ, ರಾಷ್ಟ್ರಪತಿ ಪುರಸ್ಕಾರಕ್ಕೆ ದೆಹಲಿಯ ರಾಷ್ಟ್ರೀಯ ಕೇಂದ್ರ ಕಚೇರಿ.

5. ಏಳನೇ ಕ್ಲಾಸಿನಿಂದ ಎಂಟಕ್ಕೆ: ಅತಿ ಹೆಚ್ಚು ಮಕ್ಕಳು ಕಳೆದುಹೋಗುವ ಜಾಗ

ಇದು ನಮ್ಮ ರಾಜ್ಯದ ಶಾಲಾ ವ್ಯವಸ್ಥೆಯಿಂದ ಬರುವ ತೊಂದರೆ. ಎಷ್ಟೋ ಹಿರಿಯ ಪ್ರಾಥಮಿಕ ಶಾಲೆಗಳು ಏಳಕ್ಕೆ ಮುಗಿಯುತ್ತವೆ. ಎಂಟಕ್ಕೆ ಮಗು ಬೇರೆ ಪ್ರೌಢಶಾಲೆಗೆ ಹೋಗುತ್ತದೆ. ಅಷ್ಟು ಹೊತ್ತಿಗೆ ಪ್ರಥಮ ಅಥವಾ ದ್ವಿತೀಯ ಸೋಪಾನ ಮುಗಿದಿರುತ್ತದೆ. ಹೊಸ ಶಾಲೆಯಲ್ಲಿ ದಳವೇ ಇರುವುದಿಲ್ಲ, ಅಥವಾ ಇದ್ದರೂ “ನಮ್ಮಲ್ಲಿ ಮೊದಲಿನಿಂದ ಶುರು ಮಾಡು” ಅನ್ನುತ್ತಾರೆ. ಮಗು ಬೇಸರಪಟ್ಟು ಬಿಟ್ಟೇಬಿಡುತ್ತದೆ.

ಮೊದಲಿನಿಂದ ಶುರು ಮಾಡಬೇಕಾದ ಅಗತ್ಯವಿಲ್ಲ. ಆದರೆ ಅದಕ್ಕೆ ಕಾಗದ ಬೇಕು. ಏಳನೇ ಕ್ಲಾಸಿನ ಮಾರ್ಚ್ ತಿಂಗಳಲ್ಲಿ, ಹಳೆಯ ಶಾಲೆಯ ನಾಯಕರು ಇನ್ನೂ ಸಿಗುವಾಗಲೇ ಇಷ್ಟು ಮಾಡಿ. ಪ್ರಗತಿ ಪತ್ರದ ಎಲ್ಲ ಕಾಲಂ ತುಂಬಿಸಿ ಸಹಿ, ಸೀಲು ಹಾಕಿಸಿ. ದೀಕ್ಷೆಯ ದಿನಾಂಕ, ಮುಗಿಸಿದ ಸೋಪಾನ, ಅದರ ದಿನಾಂಕ, ಗುರುತಿನ ಸಂಖ್ಯೆ ಇರುವ ಒಂದು ವರ್ಗಾವಣೆ ಪತ್ರ ಬರೆಸಿಕೊಳ್ಳಿ. ಪರೀಕ್ಷಾ ಶಿಬಿರದ ಪ್ರಮಾಣಪತ್ರ ಬಂದಿಲ್ಲದಿದ್ದರೆ ಸ್ಥಳೀಯ ಸಂಸ್ಥೆಯಿಂದ ಕೇಳಿ ಪಡೆಯಿರಿ. ಶಾಲೆ ಬೇಸಿಗೆ ರಜೆಗೆ ಮುಚ್ಚಿದ ಮೇಲೆ ಇದೆಲ್ಲ ನಾಲ್ಕು ಪಟ್ಟು ಕಷ್ಟ.

ಪ್ರೌಢಶಾಲೆ ಆರಿಸುವಾಗಲೇ ಅಲ್ಲಿ ದಳ ಇದೆಯಾ ಅಂತ ಕೇಳುವುದು ಇನ್ನೂ ಒಳ್ಳೆಯದು. ಇಲ್ಲದಿದ್ದರೆ ಹತ್ತಿರದ ಓಪನ್ ಗ್ರೂಪ್‌ಗೆ ಸೇರಿಸಿ. ಅದೂ ಇಲ್ಲದಿದ್ದರೆ ಆಸಕ್ತಿ ಇರುವ ಒಬ್ಬ ಶಿಕ್ಷಕರನ್ನು ಒಪ್ಪಿಸಿ, ಜಿಲ್ಲಾ ಸಂಸ್ಥೆಯ ಬೇಸಿಕ್ ಕೋರ್ಸ್‌ಗೆ ಕಳಿಸುವಂತೆ ಮುಖ್ಯ ಶಿಕ್ಷಕರನ್ನು ಕೇಳಿ. ನಾಲ್ಕೈದು ಪೋಷಕರು ಒಟ್ಟಿಗೆ ಹೋಗಿ ಕೇಳಿದರೆ ಕೆಲಸ ಆಗುತ್ತದೆ, ಒಬ್ಬರೇ ಹೋದರೆ ಎಳೆಯುತ್ತದೆ.

6. ತೃತೀಯ ಸೋಪಾನ ಮತ್ತು ದಕ್ಷತಾ ಬ್ಯಾಡ್ಜ್‌ಗಳು

ಈ ಹಂತದಲ್ಲಿ ಶಿಬಿರ ಜೀವನ ಜಾಸ್ತಿ. ಡೇರೆ ಹಾಕುವುದು, ಕೋಲು ಹಗ್ಗದಿಂದ ತಟ್ಟೆ ಸ್ಟ್ಯಾಂಡ್, ಚಪ್ಪಲಿ ಸ್ಟ್ಯಾಂಡ್ ಮಾಡುವುದು, ದೂರದ ಚಾರಣ ಇವೆಲ್ಲ ಬರುತ್ತವೆ. ಶಿಬಿರದಲ್ಲಿ ಹೀಗೆ ಮಾಡುವ ವಸ್ತುಗಳಿಗೆ ಗ್ಯಾಜೆಟ್ ಅಂತ ಹೆಸರು, ಮೊಬೈಲಿಗೆ ಸಂಬಂಧವಿಲ್ಲ.

ಜೊತೆಗೆ ದಕ್ಷತಾ ಬ್ಯಾಡ್ಜ್‌ಗಳು. ಅಡುಗೆ, ತೋಟಗಾರಿಕೆ, ಸೈಕ್ಲಿಂಗ್, ಪ್ರಥಮ ಚಿಕಿತ್ಸೆಗೆ ಸಂಬಂಧಪಟ್ಟ ಆ್ಯಂಬುಲೆನ್ಸ್ ಹೀಗೆ ಬೇರೆ ಬೇರೆ ವಿಷಯಗಳಿಗೆ ಪ್ರತ್ಯೇಕ ಬ್ಯಾಡ್ಜ್ ಇದೆ. ಯಾವ ಹಂತಕ್ಕೆ ಯಾವ ಗುಂಪಿನಿಂದ ಎಷ್ಟು ಬೇಕು ಅನ್ನುವುದು ಪಠ್ಯಕ್ರಮದಲ್ಲಿದೆ. ಮಗು ಈಗಾಗಲೇ ಮಾಡುತ್ತಿರುವ ಕೆಲಸಕ್ಕೆ ಹೊಂದುವ ಬ್ಯಾಡ್ಜ್ ಮೊದಲು ಆರಿಸಿ. ಅಡಿಕೆ ತೋಟದ ಮನೆಯ ಮಗುವಿಗೆ ತೋಟಗಾರಿಕೆಯ ಬ್ಯಾಡ್ಜ್, ದಿನಾ ಸೈಕಲ್‌ನಲ್ಲಿ ಶಾಲೆಗೆ ಹೋಗುವವರಿಗೆ ಸೈಕ್ಲಿಂಗ್. ಕೊನೆಯ ತಿಂಗಳಲ್ಲಿ ಎಲ್ಲ ಬ್ಯಾಡ್ಜ್ ಒಟ್ಟಿಗೆ ಮುಗಿಸುವ ಯೋಚನೆ ಬೇಡ. ಪರೀಕ್ಷಕರು ಮೂರು ತಿಂಗಳು ಬೆಳೆಸಿದ ಗಿಡದ ಬಗ್ಗೆ ಎರಡು ಪ್ರಶ್ನೆ ಕೇಳಿದರೆ ನಿಜ ಯಾವುದು ಅಂತ ತಕ್ಷಣ ಗೊತ್ತಾಗುತ್ತದೆ.

7. ಲಾಗ್ ಬುಕ್ ಮತ್ತು ಸಮುದಾಯ ಸೇವೆ

ನನ್ನನ್ನು ಕೇಳಿದರೆ ಇಡೀ ದಾರಿಯಲ್ಲಿ ಇದೇ ಮುಖ್ಯ ಮೆಟ್ಟಿಲು. ಬಹಳ ಜನ ಇದನ್ನೇ ಕೊನೆಗೆ ಬಿಡುತ್ತಾರೆ.

ಲಾಗ್ ಬುಕ್ ಅಂದರೆ ಮಗು ಮಾಡಿದ ಚಟುವಟಿಕೆಗಳ ದಿನಚರಿ. ಪ್ರತಿ ಸಭೆ, ಚಾರಣ, ಶಿಬಿರ, ಸೇವೆ ಆದ ವಾರದಲ್ಲೇ ಬರೆಯಬೇಕು. ದಿನಾಂಕ, ಜಾಗ, ಎಷ್ಟು ಹೊತ್ತು, ತಾನು ಮಾಡಿದ್ದೇನು, ಕಲಿತದ್ದೇನು. ಅಷ್ಟು ಸಾಕು. ಮಗುವಿನ ಅಕ್ಷರ, ಮಗುವಿನ ಚಿತ್ರ, ಮಗುವಿನ ಕನ್ನಡ. ಪರೀಕ್ಷೆಯ ಹಿಂದಿನ ವಾರ ಅಮ್ಮನೋ ಟ್ಯೂಷನ್ ಮೇಷ್ಟ್ರೋ ಕೂತು ಎರಡು ವರ್ಷದ್ದನ್ನು ಒಂದೇ ಪೆನ್ನಿನಲ್ಲಿ ಬರೆದ ಪುಸ್ತಕ ದೂರದಿಂದಲೇ ಗುರುತು ಸಿಗುತ್ತದೆ. ಹಿಂದಿನ ದಿನಾಂಕ ಹಾಕಿ ಸಹಿ ಮಾಡಿಸುವುದಂತೂ ಬೇಡವೇ ಬೇಡ. “ಸ್ಕೌಟ್ ನಂಬಿಕೆಗೆ ಅರ್ಹ” ಅನ್ನುವುದು ಒಂಬತ್ತು ನಿಯಮಗಳಲ್ಲಿ ಮೊದಲನೆಯದು. ಅದನ್ನು ಮುರಿದು ಪುರಸ್ಕಾರ ತೆಗೆದುಕೊಳ್ಳುವುದನ್ನು ಮಗುವಿಗೆ ನಾವೇ ಕಲಿಸಬಾರದು.

ಸೇವೆಯ ವಿಷಯಕ್ಕೆ ಬರೋಣ. ಸಾಮಾನ್ಯವಾಗಿ ಆಗುವುದು ಹೀಗೆ: ಜೂನ್ 5, ಪರಿಸರ ದಿನ. ಗಿಡ ನೆಟ್ಟರು, ಫೋಟೊ ತೆಗೆದರು, ಮನೆಗೆ ಹೋದರು. ಒಂದು ವಾರದಲ್ಲಿ ದನ ಮೇಯ್ದು ಹೋಯಿತು. ಇದನ್ನು ಸೇವೆ ಅನ್ನಲು ಆಗುವುದಿಲ್ಲ. ಗಿಡವೇ ನೆಡಬೇಕು ಅಂತಿದ್ದರೆ ಹತ್ತೇ ನೆಡಿ. ಮಲೆನಾಡು, ಕರಾವಳಿಯಲ್ಲಿ ಮಳೆ ಹಿಡಿದ ಮೇಲೆ ಜೂನ್ ಕೊನೆ, ಬಯಲುಸೀಮೆಯಲ್ಲಿ ಜುಲೈ, ಆಗಸ್ಟ್. ಹೊಂಗೆ, ನೇರಳೆ, ಬೇವಿನಂಥ ಗಟ್ಟಿ ಗಿಡ ಆರಿಸಿ. ಸುತ್ತ ಮುಳ್ಳಿನ ಬೇಲಿ ಕಟ್ಟಿ. ಫೆಬ್ರವರಿಯಿಂದ ಮುಂದಿನ ಮಳೆಗಾಲದವರೆಗೆ ಯಾವ ಪೆಟ್ರೋಲ್ ಯಾವ ವಾರ ನೀರು ಹಾಕಬೇಕು ಅಂತ ಪಟ್ಟಿ ಮಾಡಿ ಶಾಲೆಯ ಗೋಡೆಗೆ ಅಂಟಿಸಿ. ತಿಂಗಳಿಗೊಮ್ಮೆ ಅದೇ ಜಾಗದಲ್ಲಿ ನಿಂತು ಫೋಟೊ ತೆಗೆದರೆ ಲಾಗ್ ಬುಕ್‌ಗೆ ಬೇರೆ ಸಾಕ್ಷಿ ಬೇಡ.

ಬೇರೆ ಕೆಲಸಗಳೂ ಬೇಕಾದಷ್ಟಿವೆ. ಬೇಸಿಗೆಯಲ್ಲಿ ಬಸ್ ಸ್ಟ್ಯಾಂಡ್ ಹತ್ತಿರ ಅರವಟ್ಟಿಗೆ. ಊರ ಜಾತ್ರೆಯಲ್ಲಿ ಕುಡಿಯುವ ನೀರು, ಕಾಣೆಯಾದ ಮಕ್ಕಳ ವಿಚಾರಣೆ, ವಯಸ್ಸಾದವರಿಗೆ ಸಾಲಿನಲ್ಲಿ ನೆರವು. ಪಲ್ಸ್ ಪೋಲಿಯೊ ದಿನ ಬೂತಿನಲ್ಲಿ ಸಹಾಯ. ಗ್ರಾಮ ಪಂಚಾಯಿತಿ ಗ್ರಂಥಾಲಯದಲ್ಲಿ ಭಾನುವಾರ ಚಿಕ್ಕ ಮಕ್ಕಳಿಗೆ ಓದಿ ಹೇಳುವುದು. ಹಸಿ ಕಸ, ಒಣ ಕಸ ಬೇರೆ ಮಾಡುವುದನ್ನು ಒಂದು ಬೀದಿಯ ಮನೆಮನೆಗೆ ಹೋಗಿ ತೋರಿಸಿ, ಮತ್ತೆ ತಿಂಗಳ ನಂತರ ಹೋಗಿ ನೋಡುವುದು. ಒಂದನ್ನೇ ಹಿಡಿದು ಆರು ತಿಂಗಳು ಮಾಡಿ. ಹತ್ತು ಕಡೆ ಹತ್ತು ದಿನ ಮುಖ ತೋರಿಸುವುದಕ್ಕಿಂತ ಅದು ಊರಿಗೂ ಒಳ್ಳೆಯದು, ಪರೀಕ್ಷೆಗೂ ಒಳ್ಳೆಯದು. ಮುಗಿದ ಮೇಲೆ ಪಿಡಿಒ, ಆಶಾ ಕಾರ್ಯಕರ್ತೆ ಅಥವಾ ಗ್ರಂಥಪಾಲಕರ ಹತ್ತಿರ ನಾಲ್ಕು ಸಾಲಿನ ಪತ್ರ ಬರೆಸಿಕೊಳ್ಳಿ.

ಒಂದು ಎಚ್ಚರಿಕೆ. ಟ್ರಾಫಿಕ್ ನಿಯಂತ್ರಣ, ಕೆರೆಗೆ ಇಳಿದು ಸ್ವಚ್ಛ ಮಾಡುವುದು, ಚರಂಡಿಗೆ ಕೈ ಹಾಕುವುದು ಮಕ್ಕಳ ಕೆಲಸ ಅಲ್ಲ. ಸೇವೆಯ ಹೆಸರಿನಲ್ಲಿ ಯಾರೇ ಹೇಳಿದರೂ ಬೇಡ ಅನ್ನಿ.

8. ರಾಜ್ಯ ಪುರಸ್ಕಾರ ಪರೀಕ್ಷಾ ಶಿಬಿರ

ತೃತೀಯ ಸೋಪಾನ ಮುಗಿದು ಅವಧಿ ತುಂಬಿದ ಮೇಲೆ ದಳದ ನಾಯಕರು ಜಿಲ್ಲಾ ಸಂಸ್ಥೆಯ ಮೂಲಕ ಹೆಸರು ಕಳಿಸುತ್ತಾರೆ. ಕೊನೆಯ ದಿನಾಂಕ ಯಾವುದು ಅಂತ ಒಂದು ತಿಂಗಳು ಮೊದಲೇ ಕೇಳಿ. ಶಿಬಿರ ಜಿಲ್ಲೆಯಲ್ಲೇ ನಡೆಯಬಹುದು, ರಾಜ್ಯ ತರಬೇತಿ ಕೇಂದ್ರಗಳಲ್ಲೂ ನಡೆಯಬಹುದು. ಹರಿಹರ, ದಾವಣಗೆರೆ ಹತ್ತಿರದ ಕೊಂಡಜ್ಜಿ ಕೆರೆಯ ಪಕ್ಕದ ಕೇಂದ್ರ ನಮ್ಮ ರಾಜ್ಯದ ಹಳೆಯ ಸ್ಕೌಟ್‌ಗಳಿಗೆಲ್ಲ ಗೊತ್ತು. ಇನ್ನೊಂದು ದೊಡ್ಡಬಳ್ಳಾಪುರದಲ್ಲಿದೆ, ಅದಕ್ಕೆ ಆನಿ ಬೆಸೆಂಟ್ ಹೆಸರು. ಆ ಹೆಸರಿಗೆ ಕಾರಣ ಇದೆ. ಭಾರತದ ಮೊದಲ ಸ್ಕೌಟ್ ದಳ ಶುರುವಾಗಿದ್ದು 1909ರಲ್ಲಿ, ಬೆಂಗಳೂರಿನ ಬಿಷಪ್ ಕಾಟನ್ ಬಾಲಕರ ಶಾಲೆಯಲ್ಲಿ. ಆದರೆ ಆಗ ಸ್ಕೌಟಿಂಗ್‌ನ ಬಾಗಿಲು ಭಾರತೀಯ ಮಕ್ಕಳಿಗೆ ತೆರೆದಿರಲಿಲ್ಲ. ಅವರಿಗಾಗಿ ಸ್ಕೌಟ್ ಸಂಘಟನೆ ಕಟ್ಟಿದವರಲ್ಲಿ ಆನಿ ಬೆಸೆಂಟ್ ಮುಖ್ಯರು. ಇಂದು ಹಳ್ಳಿಯ ಸರ್ಕಾರಿ ಶಾಲೆಯ ಹುಡುಗಿ ಆ ಅಂಗಳದಲ್ಲಿ ಡೇರೆ ಹಾಕುತ್ತಾಳೆ ಅಂದರೆ ಅದು ಸಣ್ಣ ಮಾತಲ್ಲ.

ಶಿಬಿರಕ್ಕೆ ಬೇಕಾದ ದಾಖಲೆಗಳು: ಎಲ್ಲ ಸೋಪಾನಗಳ ಪ್ರಮಾಣಪತ್ರ, ಪ್ರಗತಿ ಪತ್ರ, ಲಾಗ್ ಬುಕ್, ಬ್ಯಾಡ್ಜ್‌ಗಳ ಪ್ರಮಾಣಪತ್ರ, ಜನ್ಮದಿನಾಂಕದ ದಾಖಲೆ, ಪೋಷಕರ ಒಪ್ಪಿಗೆ ಪತ್ರ. ಮೂಲ ಪ್ರತಿಯ ಜೊತೆ ಎರಡು ಜೆರಾಕ್ಸ್ ಸೆಟ್ ಇರಲಿ. ಚೀಲದಲ್ಲಿ ಹಗ್ಗ, ತ್ರಿಕೋನ ಬ್ಯಾಂಡೇಜ್, ತಟ್ಟೆ ಲೋಟ, ಟಾರ್ಚ್, ಹೊದಿಕೆ, ಎರಡು ಜೊತೆ ಸಮವಸ್ತ್ರ. ಹೊಸ ಶೂ ಅಲ್ಲಿಗೇ ಮೊದಲ ಸಲ ಹಾಕಿಸಬೇಡಿ, ಕಾಲು ಬೊಕ್ಕೆ ಬರುತ್ತದೆ.

ಬರವಣಿಗೆ, ಮೌಖಿಕ, ಪ್ರಾಯೋಗಿಕ ಮೂರೂ ಬಗೆಯಲ್ಲಿ ಪರೀಕ್ಷಿಸುತ್ತಾರೆ. ಮಕ್ಕಳು ಸೋಲುವುದು ಕಠಿಣ ವಿಷಯದಲ್ಲಿ ಅಲ್ಲ. ಪ್ರತಿಜ್ಞೆಯ ಒಂದು ಸಾಲು, ನಿಯಮಗಳ ಕ್ರಮ, ಧ್ವಜ ಕಟ್ಟುವ ರೀತಿ, ಹೀಗೆ ಮೊದಲ ತಿಂಗಳು ಕಲಿತು ಮರೆತದ್ದರಲ್ಲಿ. ಹೊರಡುವ ಹದಿನೈದು ದಿನ ಮುಂಚೆ ಪ್ರವೇಶದಿಂದ ಹಿಡಿದು ಎಲ್ಲವನ್ನೂ ಒಮ್ಮೆ ತಿರುವಿ ಹಾಕಲಿ.

ಸುರಕ್ಷತೆಯ ಬಗ್ಗೆ ಪೋಷಕರು ಕೇಳಲೇಬೇಕು. ಹೆಣ್ಣುಮಕ್ಕಳ ತಂಡದ ಜೊತೆ ಮಹಿಳಾ ನಾಯಕಿ ಇರಲೇಬೇಕು. ಮಲಗುವ ಜಾಗ, ಶೌಚಾಲಯ, ಹತ್ತಿರದ ಆಸ್ಪತ್ರೆ, ತುರ್ತು ಫೋನ್ ನಂಬರ್ ಮೊದಲೇ ತಿಳಿದುಕೊಳ್ಳಿ. ಆಸ್ತಮಾ, ಫಿಟ್ಸ್, ಯಾವುದಾದರೂ ಆಹಾರದ ಅಲರ್ಜಿ ಇದ್ದರೆ ಮುಚ್ಚಿಡದೆ ಬರೆದು ಕೊಡಿ. ಮುಚ್ಚಿಟ್ಟರೆ ಮಗುವನ್ನು ಅಪಾಯಕ್ಕೆ ದೂಡಿದ ಹಾಗೆ.

ಪರೀಕ್ಷೆ ಪಾಸಾದವರಿಗೆ ರಾಜ್ಯಪಾಲರ ಹೆಸರಿನಲ್ಲಿ ರಾಜ್ಯ ಪುರಸ್ಕಾರ. ಹಣ ಕೊಟ್ಟರೆ ಇದನ್ನು ಕೊಡಿಸುತ್ತೇವೆ ಅಂತ ಯಾರಾದರೂ ಹೇಳಿದರೆ ಅದು ಮೋಸ. ನಿಗದಿತ ಶುಲ್ಕ ಬಿಟ್ಟು ಬೇರೆ ಏನೂ ಕೊಡಬೇಡಿ, ಕೊಟ್ಟ ಪ್ರತಿ ರೂಪಾಯಿಗೂ ರಸೀದಿ ಕೇಳಿ.

9. ಮುಂದೇನು? ತಡವಾಗಿ ಸೇರಿದವರಿಗೂ ಇದೇ ದಾರಿ

ವಯಸ್ಸು ಮತ್ತು ಅವಧಿ ಹೊಂದಿದರೆ ರಾಷ್ಟ್ರಪತಿ ಪುರಸ್ಕಾರಕ್ಕೆ ತಯಾರಾಗಬಹುದು. ಎಸ್ಸೆಸ್ಸೆಲ್ಸಿ ವರ್ಷದಲ್ಲಿ ಎರಡನ್ನೂ ನಿಭಾಯಿಸುವುದು ಕಷ್ಟ ಅನಿಸಿದರೆ ಮಗುವಿನ ಮೇಲೆ ಒತ್ತಡ ಹಾಕಬೇಡಿ. ಕಾಲೇಜಿನಲ್ಲಿ ಹುಡುಗರಿಗೆ ರೋವರ್, ಹುಡುಗಿಯರಿಗೆ ರೇಂಜರ್ ವಿಭಾಗ ಇದೆ, 25 ವರ್ಷದವರೆಗೆ ಇರಬಹುದು. ಎಷ್ಟೋ ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳಲ್ಲಿ ಈ ಘಟಕಗಳಿವೆ. ಪ್ರವೀಣ, ನಿಪುಣ ಹಂತಗಳನ್ನು ದಾಟಿ ರಾಷ್ಟ್ರಪತಿ ಪುರಸ್ಕಾರದವರೆಗೂ ಅಲ್ಲಿಂದ ಹೋಗಬಹುದು. ಒಂಬತ್ತನೇ ಕ್ಲಾಸಿನಲ್ಲಿ ಸೇರಿದ ಮಗು ಎರಡು ವರ್ಷದಲ್ಲಿ ದ್ವಿತೀಯ ಸೋಪಾನದವರೆಗೆ ಕಲಿತರೆ, ರೋವರ್ ಅಥವಾ ರೇಂಜರ್ ಆದಾಗ ಎಲ್ಲರಿಗಿಂತ ಮುಂದಿರುತ್ತದೆ.

ಮಧ್ಯೆ ದೊಡ್ಡ ಮೇಳಗಳು ಬಂದರೆ ಕಳಿಸಿ. ಜಾಂಬೂರಿ ಅಂದರೆ ಸಾವಿರಾರು ಸ್ಕೌಟ್, ಗೈಡ್‌ಗಳು ಒಂದೇ ಕಡೆ ಡೇರೆ ಹಾಕಿ ಕೆಲವು ದಿನ ಕಳೆಯುವ ಮಹಾಶಿಬಿರ. 17ನೇ ರಾಷ್ಟ್ರೀಯ ಜಾಂಬೂರಿ 2016ರ ಡಿಸೆಂಬರ್ ಕೊನೆಯಲ್ಲಿ ಮೈಸೂರು ಹತ್ತಿರದ ಅಡಕನಹಳ್ಳಿಯಲ್ಲಿ ಶುರುವಾಗಿ ಹೊಸ ವರ್ಷದ ಮೊದಲ ವಾರ ಮುಗಿಯಿತು. 2022ರ ಡಿಸೆಂಬರ್‌ನಲ್ಲಿ ಮೂಡುಬಿದಿರೆಯಲ್ಲಿ ಅಂತರರಾಷ್ಟ್ರೀಯ ಸಾಂಸ್ಕೃತಿಕ ಜಾಂಬೂರಿ ನಡೆಯಿತು. ಬೀದರ್‌ನ ಮಗು ಮಣಿಪುರದ ಮಗುವಿನ ಪಕ್ಕ ಕೂತು ಊಟ ಮಾಡುವ ಅವಕಾಶ ಬೇರೆಲ್ಲಿ ಸಿಗುತ್ತದೆ ಹೇಳಿ.

ಲಾಭದ ಬಗ್ಗೆಯೂ ಕೇಳುತ್ತಾರೆ, ಕೇಳುವುದು ತಪ್ಪಲ್ಲ. ಕರ್ನಾಟಕ ಪರೀಕ್ಷಾ ಪ್ರಾಧಿಕಾರದ ಸಿಇಟಿ ಪ್ರವೇಶದಲ್ಲಿ ಸ್ಕೌಟ್ಸ್ ಮತ್ತು ಗೈಡ್ಸ್‌ಗೆ ವಿಶೇಷ ವರ್ಗ ಇದೆ. ರೈಲ್ವೆ ನೇಮಕಾತಿಯಲ್ಲೂ ಸ್ಕೌಟ್ಸ್ ಮತ್ತು ಗೈಡ್ಸ್ ಕೋಟಾ ಇದೆ, ಅಲ್ಲಿ ರಾಷ್ಟ್ರಪತಿ ಪುರಸ್ಕಾರ ಅಥವಾ ವಯಸ್ಕ ನಾಯಕರ ಹಿಮಾಲಯ ವುಡ್ ಬ್ಯಾಡ್ಜ್ ಕೇಳುತ್ತಾರೆ. ಜೊತೆಗೆ ಕೆಲವು ವರ್ಷಗಳ ಸಕ್ರಿಯ ಸದಸ್ಯತ್ವ ಮತ್ತು ರಾಜ್ಯ, ರಾಷ್ಟ್ರ ಮಟ್ಟದ ಶಿಬಿರಗಳಲ್ಲಿ ಭಾಗವಹಿಸಿದ ದಾಖಲೆಯೂ ಬೇಕು. ಸೀಟುಗಳು ಕಡಿಮೆ, ಸ್ಪರ್ಧೆ ಜಾಸ್ತಿ. ಆಯಾ ವರ್ಷದ ಅಧಿಸೂಚನೆ ಓದಿಯೇ ಅರ್ಜಿ ಹಾಕಿ, ಯಾರೋ ಹೇಳಿದರು ಅಂತ ನಂಬಬೇಡಿ.

ಇದಕ್ಕೆಲ್ಲ ಮೂಲ ಪ್ರಮಾಣಪತ್ರ ಬೇಕು. ಬಂದ ದಿನವೇ ಹೆಸರು, ಜನ್ಮದಿನಾಂಕ, ಸಂಖ್ಯೆ ಓದಿ ನೋಡಿ. ತಪ್ಪಿದ್ದರೆ ಆಗಲೇ ಜಿಲ್ಲಾ ಸಂಸ್ಥೆಗೆ ಬರೆದು ಕೊಟ್ಟು ಸ್ವೀಕೃತಿ ಪಡೆಯಿರಿ. ಲ್ಯಾಮಿನೇಷನ್ ಮಾಡಿಸಬೇಡಿ, ಪರಿಶೀಲನೆಯ ಸಮಯದಲ್ಲಿ ಸೀಲು, ಸಹಿ ಸರಿಯಾಗಿ ನೋಡಲು ಆಗುವುದಿಲ್ಲ. ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಫೈಲ್‌ನಲ್ಲಿಡಿ, ಸ್ಕ್ಯಾನ್ ಮಾಡಿ ಇಮೇಲ್‌ನಲ್ಲೂ ಒಂದು ಪ್ರತಿ ಇಟ್ಟುಕೊಳ್ಳಿ. ಲಾಗ್ ಬುಕ್ಕನ್ನು ರದ್ದಿಗೆ ಹಾಕಬೇಡಿ, ರೋವರ್ ಅಥವಾ ರೇಂಜರ್ ಘಟಕಕ್ಕೆ ಸೇರುವಾಗ ನಾಯಕರು ಮೊದಲು ಅದನ್ನೇ ಕೇಳಬಹುದು.